ಕುಶಾಲನಗರದಲ್ಲಿ ಮೇಲಂತಸ್ತಿನ ಬಾಡಿಗೆ ಮನೆ, ಎಸಿ ಇಲ್ಲ. ಏಪ್ರಿಲ್‌, ಮೇ ಸೆಕೆಗೆ ಏನು ಮಾಡಬಹುದು?

ನೀವು ಬರೆದದ್ದು ಇಷ್ಟು: ಆರ್‌ಸಿಸಿ ಮನೆಯ ಮೇಲಂತಸ್ತು, ತಲೆಯ ಮೇಲೆ ನೇರ ಟೆರೇಸು, ಮನೆಯಲ್ಲಿ ವಯಸ್ಸಾದ ಅತ್ತೆ, ಎರಡು ವರ್ಷದ ಮಗು. ಎಸಿ ಹಾಕಿಸಲು ಮಾಲೀಕರು ಒಪ್ಪುತ್ತಿಲ್ಲ. ರಾತ್ರಿ 9 ಗಂಟೆಯಾದರೂ ಮಲಗುವ ಕೋಣೆ ಒಲೆಯ ಹಾಗೆ ಇರುತ್ತದೆ. ಕೂಲರ್ ತರಲೇ ಎಂದು ಕೇಳಿದ್ದೀರಿ.

ಕೂಲರ್ ಮಾತು ಆಮೇಲೆ. ಮೊದಲು ಟೆರೇಸಿಗೆ ಹೋಗಿ. ರಾತ್ರಿ 9ಕ್ಕೆ ಕೋಣೆ ಕುದಿಯುತ್ತಿದೆ ಎಂದರೆ ಅದು ಹೊರಗಿನ ಗಾಳಿಯ ಬಿಸಿಯಲ್ಲ, ಮಧ್ಯಾಹ್ನ ಸ್ಲ್ಯಾಬು ಕುಡಿದಿಟ್ಟುಕೊಂಡ ಬಿಸಿಲು. ಐದಿಂಚಿನ ಕಾಂಕ್ರೀಟಿನಲ್ಲಿ ಶಾಖ ಮೇಲಿನಿಂದ ಕೆಳಗಿಳಿಯಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಹಾಗಾಗಿ ಹೊರಗೆ ತಂಪಾಗತೊಡಗಿದ ಹೊತ್ತಿಗೇ ಒಳಗೆ ಸೂರು ಬಿಸಿ ಉಗುಳಲು ಶುರು ಮಾಡುತ್ತದೆ. ಅನುಮಾನವಿದ್ದರೆ ಸಂಜೆ 7ಕ್ಕೆ ಸ್ಟೂಲ್ ಹತ್ತಿ ಅಂಗೈಯನ್ನು ಸೂರಿಗೆ, ಆಮೇಲೆ ಗೋಡೆಗೆ ಒತ್ತಿ ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇನ್ನೊಂದು ವಿಷಯ. ಕೊಡಗು ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರು, ನಾಲ್ಕನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ನೆತ್ತಿಯ ಮೇಲೇ ಇರುತ್ತಾನೆ. ಆ ದಿನಗಳಲ್ಲಿ ಗೋಡೆ, ಕಿಟಕಿಗಳಿಗಿಂತ ಮಾಡಿನ (ಛಾವಣಿಯ) ಮೇಲೆ ಬೀಳುವ ಬಿಸಿಲೇ ಹೆಚ್ಚು. ಪರದೆಗೆ ದುಡ್ಡು ಸುರಿಯುವ ಮೊದಲು ಮಾಡಿಗೆ ಖರ್ಚು ಮಾಡಿ ಎನ್ನುವುದು ಇದಕ್ಕೇ. ಕುಶಾಲನಗರ ಮಡಿಕೇರಿಗಿಂತ 300 ಮೀಟರಿನಷ್ಟು ತಗ್ಗಿನಲ್ಲಿದೆ, ಮಳೆಯೂ ಬಹಳ ಕಡಿಮೆ. ಮಡಿಕೇರಿಯವರು ಫ್ಯಾನ್ ಸಾಕು ಎಂದರೆ ಅದು ಅವರಿಗೆ ಸರಿ, ನಿಮಗೆ ಸಾಲದು. ಆದರೆ ಒಂದು ಭಾಗ್ಯ ನಿಮಗೂ ಇದೆ: ಇಲ್ಲಿ ಬೆಳಗಿನ ಜಾವ ಏಪ್ರಿಲ್‌ನಲ್ಲೂ ತಂಪಾಗಿರುತ್ತದೆ. ಬಯಲುಸೀಮೆಯ ಎಷ್ಟೋ ಊರುಗಳಿಗೆ ಅದೂ ಇಲ್ಲ. ಹಗಲು ಬಿಸಿಲು ಮಾಡಿಗೆ ತಾಗದ ಹಾಗೆ ತಡೆಯುವುದು, ರಾತ್ರಿಯ ತಂಪನ್ನು ಮನೆಯೊಳಗೆ ತುಂಬಿ ಹಗಲಿಗೆ ಉಳಿಸಿಕೊಳ್ಳುವುದು. ಈ ಎರಡು ಆದರೆ ಮಿಕ್ಕದ್ದೆಲ್ಲ ಸಣ್ಣದು.

ಅಗ್ಗದ ದಾರಿ ಸುಣ್ಣ. ಮಾಲೀಕರೂ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಸ್ಲ್ಯಾಬಿಗೆ ಅದರಿಂದ ಹಾನಿಯಿಲ್ಲ. 1,000 ಚದರ ಅಡಿ ಟೆರೇಸಿಗೆ ಒಂದು ಕೋಟು ಬಳಿಯಲು ಸುಮಾರು 10 ಕೆಜಿ ಸುಣ್ಣದ ಪುಡಿ ಬೇಕು. ತಳ ಒರಟಾಗಿದ್ದರೆ ಇನ್ನೂ ಎರಡು ಮೂರು ಕೆಜಿ ಹಿಡಿಯುತ್ತದೆ. ಮೂರು ಕೋಟು ಬಳಿಯಬೇಕು. 10 ಕೆಜಿ ಪುಡಿಗೆ 40 ಲೀಟರ್ ನೀರು, ಜೊತೆಗೆ ಸುಣ್ಣಕ್ಕೆ ಬೆರೆಸುವ ಅಂಟು ಅರ್ಧದಿಂದ ಒಂದು ಕೆಜಿ. ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಿಕೊಳ್ಳಿ. ಹದ ಹಾಲಿನಷ್ಟು ತೆಳ್ಳಗಿರಬೇಕು. ಒಂದೇ ಸಲಕ್ಕೆ ಬಿಳುಪಾಗಲಿ ಎಂದು ದಪ್ಪಗೆ ಬಳಿದರೆ ಹದಿನೈದು ದಿನದಲ್ಲಿ ಹಪ್ಪಳದ ಹಾಗೆ ಏಳುತ್ತದೆ. ಮೊದಲು ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಗುಡಿಸಿ, ಸ್ಲ್ಯಾಬನ್ನು ನೀರಿನಿಂದ ಒದ್ದೆ ಮಾಡಿ. ಒಣ ಕಾಂಕ್ರೀಟು ಸುಣ್ಣದ ನೀರನ್ನೆಲ್ಲ ಹೀರಿಬಿಡುತ್ತದೆ, ಆಗ ಸುಣ್ಣ ಕಚ್ಚಿಕೊಳ್ಳದೆ ಪುಡಿಯಾಗುತ್ತದೆ. ನಡು ಮಧ್ಯಾಹ್ನ ಬಳಿದರೂ ಇದೇ ಗತಿ. ಸಂಜೆ 4ರ ನಂತರ ಬಳಿಯಿರಿ, ಒಂದು ಕೋಟು ಬಳಿದು ಇನ್ನೊಂದು ಬಳಿಯುವ ನಡುವೆ ಒಂದು ದಿನ ಬಿಡಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವ ಸೂಚನೆ ಇದ್ದರೆ ಕಾಯಿರಿ, ಹಸಿ ಸುಣ್ಣ ತೊಳೆದುಹೋಗುತ್ತದೆ.

ಸುಣ್ಣ ಕಚ್ಚಲಿ ಎಂದು ಉಪ್ಪು ಹಾಕುವ ಹಳೆಯ ರೂಢಿಯೊಂದಿದೆ. ಮಣ್ಣಿನ ಗೋಡೆಗೆ ಅದು ಸರಿ, ಆರ್‌ಸಿಸಿಗೆ ಬೇಡವೇ ಬೇಡ. ಉಪ್ಪು ಒಳಗಿಳಿದರೆ ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸುಟ್ಟ ಸುಣ್ಣದ ಕಲ್ಲು ತಂದರೆ ಅದನ್ನು ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಿ. ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಬಾಗುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಗು ಇರುವ ಮನೆಯಲ್ಲಿ ಪುಡಿ ಸುಣ್ಣವೇ ಒಳ್ಳೆಯದು. ಅದನ್ನು ಕಲಸುವಾಗಲೂ ಕನ್ನಡಕ, ಕೈಗವಸು ಹಾಕಿಕೊಳ್ಳಿ. ಇಷ್ಟು ಮಾಡಿದರೆ ಕೋಣೆಯಲ್ಲಿ 2ರಿಂದ 4 ಡಿಗ್ರಿ ಇಳಿಯುತ್ತದೆ. ನಮ್ಮ ಮಳೆಗಾಲ ಮುಗಿಯುವಷ್ಟರಲ್ಲಿ ಸುಣ್ಣ ಮಾಸಿರುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಡಬ್ಬದಲ್ಲಿ ಸಿಗುವ ಬಿಳಿ ಟೆರೇಸ್ ಪೇಂಟು ಹೆಚ್ಚು ವರ್ಷ ಬರುತ್ತದೆ, ಆದರೆ ಬಾಡಿಗೆ ಮನೆಗೆ ಅಷ್ಟು ಹಾಕುವುದು ಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ.

ಸುಣ್ಣದ ಬದಲಿಗೆ, ಅಥವಾ ಮಲಗುವ ಕೋಣೆಯ ಮೇಲೆ ಮಾತ್ರ, ಶೇಡ್ ನೆಟ್ ಕಟ್ಟಬಹುದು. ಕಾಫಿ, ಮೆಣಸಿನ ನರ್ಸರಿಗೆ ಬಳಸುವುದೇ. 50 ಪರ್ಸೆಂಟ್ ಬಿಸಿಲು ತಡೆಯುವುದು ಸಸಿಗೆ, ಮನೆಗೆ 75 ಪರ್ಸೆಂಟಿನದ್ದು ಕೇಳಿ. ಬಲೆಯನ್ನು ಸ್ಲ್ಯಾಬಿನ ಮೇಲೆ ಹಾಸಿದರೆ ಪ್ರಯೋಜನ ಕಡಿಮೆ, ಬಲೆಯೇ ಕಾದು ಕೆಳಗೆ ಶಾಖ ದಾಟಿಸುತ್ತದೆ. ಕನಿಷ್ಠ ಎರಡು ಅಡಿ ಎತ್ತರದಲ್ಲಿರಬೇಕು, ಅಡಿಯಲ್ಲಿ ಗಾಳಿ ಆಡಬೇಕು. ಏಪ್ರಿಲ್, ಮೇನಲ್ಲಿ ಗುಡುಗು, ಆಲಿಕಲ್ಲಿನ ಜೊತೆ ಬೀಸುವ ಗಾಳಿ ಬಲೆಯನ್ನು ಹಾಯಿಯಂತೆ ಎತ್ತಿಬಿಡುತ್ತದೆ, ಸಡಿಲ ಕಂಬಗಳೂ ಜೊತೆಗೆ ಹೋಗಿ ಕರೆಂಟ್ ತಂತಿಯ ಮೇಲೆ ಬೀಳಬಹುದು. ಆದ್ದರಿಂದ ಮೂರು ಬದಿ ಗಟ್ಟಿಯಾಗಿ ಕಟ್ಟಿ, ನಾಲ್ಕನೆಯದಕ್ಕೆ ಎಳೆದರೆ ಬಿಚ್ಚುವ ಕುಣಿಕೆ ಹಾಕಿ. ಮೋಡ ಕಪ್ಪಾದ ಕೂಡಲೇ ಹೋಗಿ ಆ ಬದಿ ಬಿಚ್ಚಿ ಸುತ್ತಿಡಿ. ಉಳಿದ ತುಂಡನ್ನು ಕಪ್ಪು ನೀರಿನ ಟ್ಯಾಂಕಿಗೆ ಹೊದಿಸಿ. ಟ್ಯಾಂಕು ಕಾದರೆ ಸಂಜೆ ತಣ್ಣೀರು ಸ್ನಾನ ಎಂಬುದೇ ಇರುವುದಿಲ್ಲ.

ಟೆರೇಸಿಗೆ ನೀರು ಹೊಡೆಯುವುದು ನಿಜಕ್ಕೂ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು ಮೂರರಲ್ಲಿ ಎರಡು ಪಾಲು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಆದರೆ ರಾತ್ರಿ 8ಕ್ಕೆ ಕೊಡ ಕೊಡ ಸುರಿಯುವುದರಲ್ಲಿ ಅರ್ಥವಿಲ್ಲ, ಅಷ್ಟೊತ್ತಿಗೆ ಶಾಖ ಕೆಳಗಿಳಿದಾಗಿದೆ. ಹಳೆ ಗೋಣಿಚೀಲಗಳನ್ನು ಮಲಗುವ ಕೋಣೆಯ ಮೇಲೆ ಹಾಸಿ, ಮಧ್ಯಾಹ್ನ 2ಕ್ಕೊಮ್ಮೆ, 4ಕ್ಕೊಮ್ಮೆ ನೆನೆಸಿ. ಹರಿದುಹೋಗುವ ನೀರು ದಂಡ, ಒದ್ದೆಯಾಗಿ ಉಳಿಯುವ ನೀರೇ ತಂಪು. ಕಾವೇರಿ ಬಡವಾಗಿ ನಲ್ಲಿ ನೀರಿಗೂ ಕಷ್ಟವಾಗುವ ಕಾಲ ಅದು. ಅಕ್ಕಿ, ತರಕಾರಿ ತೊಳೆದ ನೀರು ಬಳಸಿ. ಸ್ಲ್ಯಾಬಿನಲ್ಲಿ ಬಿರುಕಿದ್ದರೆ ಈ ಉಪಾಯ ಬಿಡಿ.

ಇನ್ನು ಕಿಟಕಿ. ಹಗಲೆಲ್ಲ ಕಿಟಕಿ ತೆರೆದಿಟ್ಟರೆ ಗಾಳಿ ಬರುತ್ತದೆ ಎಂಬುದು ಬಹಳ ಮಂದಿ ಮಾಡುವ ತಪ್ಪು. ಬರುವುದು ಬಿಸಿ ಗಾಳಿ. ಎರಡು ಸಾದಾ ಥರ್ಮಾಮೀಟರ್ ತನ್ನಿ, ಒಂದು ಕೋಣೆಯಲ್ಲಿ, ಇನ್ನೊಂದು ಹೊರಗೆ ನೆರಳಲ್ಲಿ. ಹೊರಗಿನದು ಒಳಗಿನದಕ್ಕಿಂತ ಕಡಿಮೆ ತೋರಿಸಿದರೆ ತೆರೆಯಿರಿ, ಮೇಲೇರಿದ ಕೂಡಲೇ ಮುಚ್ಚಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಮುಚ್ಚಬೇಕಾಗುತ್ತದೆ, ಸಂಜೆ ಏಳರ ಮೇಲೆ ತೆರೆಯಬಹುದು. ಮುಸ್ಸಂಜೆ ಸೊಳ್ಳೆಯ ಹೊತ್ತು, ಮೆಶ್ ಇಲ್ಲದಿದ್ದರೆ ಒಂದು ತಾಸು ತಡವಾಗಿ ತೆರೆಯಿರಿ. ಮೊದಲ ಮಳೆಯ ರಾತ್ರಿ ಮಳೆಹುಳ ನುಗ್ಗುತ್ತದೆ, ಆಗ ದೀಪ ಆರಿಸಿ ತೆರೆದರಾಯಿತು.

ತೆರೆದಿಟ್ಟರಷ್ಟೇ ಸಾಲದು, ಗಾಳಿ ಓಡಬೇಕು. ಒಂದು ಕೋಣೆಯ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಮುಖ ಹೊರಗೆ ಮಾಡಿ ಇಡಿ. ಅದು ಒಳಗಿನ ಬಿಸಿ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ಎದುರು ಬದಿಯ ಕಿಟಕಿಯಿಂದ ತಂಪು ತಾನಾಗಿ ಒಳಬರುತ್ತದೆ. ನಡುವಿನ ಬಾಗಿಲುಗಳು ತೆರೆದಿರಲಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೀಗೆ ಓಡಿಸಿದರೆ ಗೋಡೆ, ನೆಲ, ಅಕ್ಕಿ ಡ್ರಮ್ಮು, ಹಾಸಿಗೆಗಳೂ ತಣಿಯುತ್ತವೆ. ಮಾರನೆಯ ದಿನ ಮಧ್ಯಾಹ್ನದವರೆಗೆ ಮನೆ ತಂಪಾಗಿರುವುದು ಆ ತಣಿದ ಗೋಡೆಗಳಿಂದಲೇ. ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ.

ಪಡುವಣ ಕಿಟಕಿಗೆ ಒಳಪರದೆ ಹಾಕಿದರೆ ಬೆಳಕು ನಿಲ್ಲುತ್ತದೆ, ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಬಿದಿರಿನ ಪರದೆಯೋ ಶೇಡ್ ನೆಟ್ಟೋ ಹೊರಬದಿಗೇ ಕಟ್ಟಬೇಕು. ಮೇನಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲುವುದರಿಂದ ಬಡಗಣ ಕಿಟಕಿಗೂ ಬಿಸಿಲು ಬೀಳುತ್ತದೆ, ಅದನ್ನು ಮರೆಯಬೇಡಿ.

ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗುತ್ತಿದೆ ಎಂದೂ ಬರೆದಿದ್ದೀರಿ. ಹೊಸದು ಕೊಳ್ಳಬೇಡಿ, ಹತ್ತರಲ್ಲಿ ಎಂಟು ಸಲ ಕೆಟ್ಟಿರುವುದು ಕಂಡೆನ್ಸರ್, ಫ್ಯಾನ್ ಹೊರಡಲು ಬಲ ಕೊಡುವ ಸಣ್ಣ ಬಿಡಿಭಾಗ. ನಮ್ಮಲ್ಲಿ ವರ್ಷದ ಬಹುಪಾಲು ಫ್ಯಾನ್ ನಿಂತೇ ಇರುತ್ತದೆ, ಮಳೆಗಾಲದ ತೇವ ತಿನ್ನುತ್ತದೆ. ಐದರಲ್ಲಿಟ್ಟರೂ ವೇಗ ಏರದೆ, ಕೈಯಿಂದ ತಳ್ಳಿದ ಮೇಲೆ ಮಾತ್ರ ಹೊರಡುತ್ತದೆ ಎಂದಾದರೆ ಕಾಯಿಲೆ ಅದೇ. ಮೇಲಿನ ಬಟ್ಟಲು ಇಳಿಸಿದರೆ ಬಿಳಿ ಅಥವಾ ಕಪ್ಪು ಡಬ್ಬಿಯೊಂದು ಕಾಣುತ್ತದೆ, ಅದರ ಮೇಲೆ ಸಾಮಾನ್ಯವಾಗಿ 2.5 ಎಂಎಫ್‌ಡಿ ಎಂದು ಬರೆದಿರುತ್ತದೆ. ಅದೇ ಅಂಕಿಯದ್ದನ್ನೇ ಹಾಕಿ. ಜೋರಾಗಿ ತಿರುಗಲಿ ಎಂದು 3.15 ಹಾಕಿದರೆ ಒಳಗಿನ ತಂತಿ ಸುರುಳಿ (ವೈಂಡಿಂಗ್) ಬಿಸಿಯೇರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಕಂಡೆನ್ಸರ್‌ನಲ್ಲಿ ಉಳಿದ ಕರೆಂಟೂ ಹೊಡೆಯಬಹುದು, ರೂಢಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಅಲಗುಗಳ ಮೇಲಿನ ಧೂಳೂ ಒರೆಸಿ.

ಗುಡುಗು ಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲು. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಬಳಕೆಗೆ ಸಿಗುವುದು ಸುಮಾರು 1,100 ವಾಟ್ ಅವರ್. 75 ವಾಟಿನ ಹಳೆ ಫ್ಯಾನ್ ಎರಡು ಓಡಿದರೆ ಏಳು ಗಂಟೆ, 30 ವಾಟಿನ, ಕರೆಂಟು ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಎರಡಾದರೆ ಅದರ ದುಪ್ಪಟ್ಟಿಗಿಂತ ಹೆಚ್ಚು. ಖರ್ಚು ಮಾಡುವುದಿದ್ದರೆ ಅತ್ತೆಯವರ ಕೋಣೆಗೆ ಒಂದು ಬಿಎಲ್‌ಡಿಸಿ ಹಾಕಿಸಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಹಳೆ ರೆಗ್ಯುಲೇಟರ್ ಮೂಲಕ ಮಾತ್ರ ಓಡಿಸಬೇಡಿ.

ಈಗ ಕೂಲರ್. ಗಾಳಿ ಒಣಗಿದ್ದರೆ ಮಾತ್ರ ಅದಕ್ಕೆ ಜೀವ. 34 ಡಿಗ್ರಿ, ತೇವಾಂಶ 35 ಪರ್ಸೆಂಟ್ ಇರುವ ಮಾರ್ಚ್ ಮಧ್ಯಾಹ್ನದಲ್ಲಿ ಒಳ್ಳೆಯ ಕೂಲರ್ 26ರ ಗಾಳಿ ಕೊಡುತ್ತದೆ. ಮಳೆ ಹೊಡೆದ ಮೇಲೆ 30 ಡಿಗ್ರಿ, 75 ಪರ್ಸೆಂಟ್ ಇದ್ದರೆ ಇಳಿಯುವುದು ಎರಡೂವರೆ ಡಿಗ್ರಿ ಅಷ್ಟೆ, ಮೇಲೆ ಮೈಯೆಲ್ಲ ಅಂಟಂಟು. ಐಸ್ ಹಾಕಿದರೂ ಹೆಚ್ಚೇನೂ ಬದಲಾಗದು. ಹಾಗಾಗಿ ಮಾರ್ಚ್, ಏಪ್ರಿಲ್‌ಗೆ ಸರಿ, ಮೇ ತಿಂಗಳಿಗೆ ನಂಬಬೇಡಿ. ತಂದರೆ ಮುಚ್ಚಿದ ಕೋಣೆಯ ನಡುವೆ ಇಡಬೇಡಿ. ಬೆನ್ನು ಕಿಟಕಿಗೆ ತಾಗಿರಲಿ, ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ. ವಾರಕ್ಕೊಮ್ಮೆ ನೀರೆಲ್ಲ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ, ಇಲ್ಲವಾದರೆ ಡೆಂಗಿ ಸೊಳ್ಳೆಗೆ ಅದೇ ಮನೆ.

ಅಡುಗೆ ಒಂಬತ್ತರೊಳಗೆ ಮುಗಿದರೆ ಒಳ್ಳೆಯದು. ಕಡುಬು, ಪುಟ್ಟು ಬೇಯಿಸುವ ಹಬೆ ಮನೆಯೊಳಗೇ ನಿಂತರೆ ಸೆಕೆ ಇಮ್ಮಡಿ.

ಅತ್ತೆಯವರ ವಿಷಯಕ್ಕೆ ಹೆಚ್ಚು ಗಮನ ಬೇಕು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಬೆವರೂ ಕಡಿಮೆ. ಕೇಳಲಿ ಎಂದು ಕಾಯದೆ ಗಂಟೆಗೊಂದು ಲೋಟ ಮಜ್ಜಿಗೆಯೋ ಅಂಬಲಿಯೋ ಕೈಗೆ ಕೊಡಿ. ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯ ಅಥವಾ ಕಿಡ್ನಿಯ ತೊಂದರೆ ಇದ್ದರೆ, ಎಷ್ಟು ನೀರು, ಎಷ್ಟು ಉಪ್ಪು ಎಂದು ಈಗಲೇ ಡಾಕ್ಟರನ್ನು ಕೇಳಿಡಿ. ಮಧ್ಯಾಹ್ನ ಒದ್ದೆ ಟವೆಲನ್ನು ಕುತ್ತಿಗೆ, ತೋಳುಗಳಿಗೆ ಹಾಕಿ ಫ್ಯಾನ್ ಕೆಳಗೆ ಕೂರಿಸಿ. ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಮೈಯ ತೇವವನ್ನು ಆರಿಸಿ ಮೈಯನ್ನು ತಣಿಸುತ್ತದೆ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಮಗುವಿಗೆ ಅಪಾಯ.

ಮೈ ಸುಡುತ್ತಿದೆ, ಮಾತು ತಡವರಿಸುತ್ತಿದೆ, ಕರೆದರೆ ಸರಿಯಾಗಿ ಓಗೊಡುತ್ತಿಲ್ಲ ಎಂದರೆ ಅದು ಬರೀ ಸುಸ್ತಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಒತ್ತಿ. ಪ್ಯಾರಾಸಿಟಮಾಲ್ ಈ ಬಿಸಿಗೆ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮೇ ಕೊನೆಯ ವಾರ ಬಲೆ, ಗೋಣಿಚೀಲಗಳನ್ನು ತೆಗೆದು ಒಣಗಿಸಿಡಿ. ಎದ್ದ ಸುಣ್ಣದ ಹಪ್ಪಳಗಳನ್ನು ಗುಡಿಸಿ, ಟೆರೇಸಿನ ನೀರಿಳಿಯುವ ಪೈಪಿನ ಬಾಯಿಗೆ ಕೈಹಾಕಿ ತೆರವು ಮಾಡಿ. ಅದು ಕಟ್ಟಿಕೊಂಡರೆ ಜೂನ್ ಮಳೆಗೆ ಟೆರೇಸಿನಲ್ಲಿ ನಿಲ್ಲುವ ನೀರು ಅದೇ ಮಲಗುವ ಕೋಣೆಗೆ ಸೋರುತ್ತದೆ.