ಟೆಸ್ಲಾ ಕಾಯಿಲ್‌ಗೆ ಎಷ್ಟು ನ್ಯಾನೊಫ್ಯಾರಡ್?

ಪ್ರಶ್ನೆ: ನಾನೂ ನನ್ನ ಮಗಳೂ ಮನೆಯಲ್ಲಿ ಟೆಸ್ಲಾ ಕಾಯಿಲ್ (ಅಧಿಕ ವೋಲ್ಟೇಜಿನಿಂದ ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಸಾಧನ) ಕಟ್ಟಲು ಹೊರಟಿದ್ದೇವೆ. ಹಳೆಯ ನಿಯಾನ್ ಬೋರ್ಡಿನ 9,000 ವೋಲ್ಟ್, 30 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ. ಅಮೆರಿಕದ ಕೋಷ್ಟಕವೊಂದು ಇದಕ್ಕೆ 8.8 ನ್ಯಾನೊಫ್ಯಾರಡ್ ಅಳತೆಯ ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಸೂಚಿಸುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವರು ಮಾತ್ರ, ದೊಡ್ಡದು ಹಾಕಿದಷ್ಟೂ ಕಿಡಿ ಉದ್ದ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎರಡನ್ನೂ ಹಾಗೆಯೇ ಒಪ್ಪಬೇಡಿ. ಆ ಕೋಷ್ಟಕ 60 ಹರ್ಟ್ಸ್ ವಿದ್ಯುತ್ತಿಗೆ ಬರೆದದ್ದು; ನಮ್ಮಲ್ಲಿ ಬರುವುದು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್‌ನ ಪ್ರವಾಹವನ್ನು ವೋಲ್ಟೇಜ್, ಆವರ್ತನ ಮತ್ತು 6.28 – ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಇಲ್ಲಿ ಸುಮಾರು 10.6 ನ್ಯಾನೊಫ್ಯಾರಡ್ ಬರುತ್ತದೆ. ಇದು ಅನುರಣನದ (ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಒಂದೇ ತಾಳಕ್ಕೆ ಕೂಡುವ ಸ್ಥಿತಿಯ) ಅಳತೆ, ಕೊಳ್ಳಬೇಕಾದ ಅಳತೆಯಲ್ಲ. ಈ ಅಳತೆಯ ಕೆಪಾಸಿಟರ್ ಜೋಡಿಸಿದಾಗ ಯಾವುದೋ ಕಾರಣಕ್ಕೆ ಸ್ಪಾರ್ಕ್ ಗ್ಯಾಪಿನಲ್ಲಿ (ಕಿಡಿ ಹಾರಲು ಎರಡು ಲೋಹದ ತುದಿಗಳ ನಡುವೆ ಬಿಟ್ಟ ಸಂದಿನಲ್ಲಿ) ಕಿಡಿ ಹಾರದೆ ಉಳಿದರೆ, ವೋಲ್ಟೇಜ್ 9,000ವನ್ನು ಎಷ್ಟೋ ಮೀರಿ ಏರುತ್ತಾ ಹೋಗಿ ಟ್ರಾನ್ಸ್‌ಫಾರ್ಮರ್‌ನ ಒಳಗಿನ ಇನ್ಸುಲೇಷನ್ನನ್ನೇ ಸೀಳಿಬಿಡುತ್ತದೆ. ಆದ್ದರಿಂದ ಚಲಿಸದ ಗ್ಯಾಪಿಗೆ ಆ 10.6ರ ಒಂದೂವರೆ ಪಟ್ಟು, ಎಂದರೆ 16 ನ್ಯಾನೊಫ್ಯಾರಡ್ ಆಸುಪಾಸು ಇಟ್ಟುಕೊಳ್ಳಿ. ಅಂಗಡಿಯವರ ಮಾತಿನಂತೆ ಇನ್ನೂ ಬಹಳ ಹೆಚ್ಚಿಸಿದರೆ, ಅರ್ಧ ಆವರ್ತದೊಳಗೆ ಅದನ್ನು ತುಂಬಲು ಟ್ರಾನ್ಸ್‌ಫಾರ್ಮರ್‌ಗೆ ಆಗದೆ ಕಿಡಿ ತಡವರಿಸುತ್ತದೆ.

ಈ ಅಳತೆಯನ್ನು ಒಂದೇ ಕೆಪಾಸಿಟರಿನಲ್ಲಿ ಹುಡುಕಬೇಡಿ. 0.15 ಮೈಕ್ರೊಫ್ಯಾರಡ್ (150 ನ್ಯಾನೊಫ್ಯಾರಡ್), 2,000 ವೋಲ್ಟ್ ಡಿಸಿಯ, ಪಲ್ಸ್ ದರ್ಜೆಯ (ರಭಸದ ಪ್ರವಾಹ ತಾಳುವ) ಪಾಲಿಪ್ರೊಪಿಲೀನ್ ಕೆಪಾಸಿಟರ್ ಒಂಬತ್ತನ್ನು ಸರಣಿಯಲ್ಲಿ ಬೆಸೆದರೆ 16.7 ನ್ಯಾನೊಫ್ಯಾರಡ್ ಆಗುತ್ತದೆ, ತಾಳಿಕೆ 18,000 ವೋಲ್ಟ್. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಶಿಖರ ವೋಲ್ಟೇಜ್ 12,700 ಮಾತ್ರ. ಅಗ್ಗವೆಂದು ಪಾಲಿಯೆಸ್ಟರ್ ತರಬೇಡಿ. ನಾನೊಮ್ಮೆ ತಂದಿದ್ದೆ, ಅರ್ಧ ನಿಮಿಷ ಓಡಿಸಿ, ಆರಿಸಿ, ಪೂರ್ತಿ ಡಿಸ್ಚಾರ್ಜ್ ಮಾಡಿ ಮುಟ್ಟಿದರೆ ನಡುವಿನ ಎರಡು ಬಿಸಿಯಾಗಿ, ಹೊರಗಿನ ಲೇಪ ಉಬ್ಬಿಕೊಂಡಿತ್ತು.

ಗ್ಯಾಪಿನ ಅಂತರವನ್ನು ಕೆಪಾಸಿಟರ್ ಜೋಡಿಸುವ ಮೊದಲು, ಬರೀ ಟ್ರಾನ್ಸ್‌ಫಾರ್ಮರ್‌ಗೆ ಕಿಡಿ ಹಾರುವಷ್ಟಕ್ಕೆ ಹೊಂದಿಸಿ. ಪ್ರೈಮರಿಯ (ಕೆಪಾಸಿಟರಿಗೆ ಜೋಡಿಸುವ ಸುರುಳಿಯ) ಸುತ್ತುಗಳನ್ನು ನಿರ್ಧರಿಸುವುದು ಆಮೇಲೆ: ಸೆಕೆಂಡರಿ (ಉದ್ದ ಕಿಡಿ ಹೊಮ್ಮಿಸುವ ಸುರುಳಿ) 200 ಕಿಲೊಹರ್ಟ್ಸ್‌ಗೆ ಅನುರಣಿಸಿದರೆ ಪ್ರೈಮರಿಗೆ ಸುಮಾರು 38 ಮೈಕ್ರೊಹೆನ್ರಿ ಬೇಕು.

ಮಗಳೂ ಜೊತೆಗಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ತುಂಬಿದ ಈ ಸರಣಿಯಲ್ಲಿ 1.3 ಜೂಲ್ ಶಕ್ತಿ ಇರುತ್ತದೆ, ಟ್ರಾನ್ಸ್‌ಫಾರ್ಮರ್‌ನ 30 ಮಿಲಿಆಂಪಿಯರ್ ಅಂತೂ ಪ್ರಾಣ ತೆಗೆಯಬಲ್ಲದು. ಆರಿಸಿದ ಮೇಲೆ ಚಾರ್ಜ್ ತಾನೇ ಇಳಿಯಲೆಂದು ಪ್ರತಿ ಕೆಪಾಸಿಟರಿಗೂ ಅಡ್ಡಲಾಗಿ 2.2 ಮೆಗಾಓಮ್‌ನ ಅರ್ಧ ವಾಟ್ ರೆಸಿಸ್ಟರ್ ಐದನ್ನು ಸಾಲಾಗಿ ಹಾಕಿ. ಒಂದೇ ರೆಸಿಸ್ಟರ್ ಅಷ್ಟು ವೋಲ್ಟೇಜ್ ತಾಳದು. ಪ್ಲಗ್ ಕಿತ್ತ ಮೇಲೆ ಹತ್ತು ಹದಿನೈದು ಸೆಕೆಂಡ್ ಬಿಟ್ಟು, ವಿದ್ಯುತ್ ಹರಿಯದ ಹಿಡಿಯಿರುವ ಲೋಹದ ಕೋಲಿನಿಂದ ಸರಣಿಯ ಎರಡೂ ತುದಿಗಳನ್ನು ಶಾರ್ಟ್ ಮಾಡಿ, ಆ ನಂತರವೇ ಕೈ ಹಾಕಿ.