ಅಪ್‌ಲೋಡ್ ಎಷ್ಟು ಅಂತ ಕೇಳದೆ ಪ್ಲಾನ್ ಹಾಕಿಸಬೇಡಿ

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದಲ್ಲಿರುವ ಮದುವೆ ವಿಡಿಯೋಗ್ರಾಫರ್. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಒಂದು ಮದುವೆಯ ಫೂಟೇಜ್ 200 ಜಿಬಿ ಆಗುತ್ತದೆ. ಬೆಂಗಳೂರಿನ ಎಡಿಟರ್‌ಗೆ ಕಳಿಸಲು ಹಾಕಿದರೆ ಎರಡು ದಿನವಾದರೂ ಮುಗಿಯುವುದಿಲ್ಲ, ಅಷ್ಟೂ ಹೊತ್ತು ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 94, ಅಪ್‌ಲೋಡ್ 10 ತೋರಿಸುತ್ತದೆ. 200ರ ಪ್ಲಾನ್‌ಗೆ ಹೋಗಲೇ?

ಉತ್ತರ: ಹೋಗಬೇಡಿ. ತಿಂಗಳಿಗೊಮ್ಮೆ ಯಾರಾದರೂ ಇದೇ ಪ್ರಶ್ನೆ ಕಳಿಸುತ್ತಾರೆ, ಎಲ್ಲರೂ 100, 200 ಎಂಬ ಒಂದೇ ಅಂಕಿಯನ್ನು ನೋಡಿ ದುಡ್ಡು ಕಟ್ಟಿರುತ್ತಾರೆ. ಅದು ಮನೆಯೊಳಗೆ ಬರುವ ವೇಗ. ನಿಮ್ಮ ಹೊಟ್ಟೆಪಾಡು ನಡೆಯುವುದು ಮನೆಯಿಂದ ಆಚೆ ಹೋಗುವ ವೇಗದ ಮೇಲೆ.

ಲೆಕ್ಕ ಹಾಕಿ. 10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 10 ಮೆಗಾಬಿಟ್, ಬೈಟ್ ಲೆಕ್ಕದಲ್ಲಿ ಬರೀ 1.25 ಎಂಬಿ. 200 ಜಿಬಿ ದಾಟಲು 44 ಗಂಟೆ ಬೇಕು, ಅದೂ ಎಲ್ಲೂ ಕಡಿದುಹೋಗದಿದ್ದರೆ. 200ರ ಪ್ಲಾನ್‌ನಲ್ಲೂ ಅಪ್‌ಲೋಡ್ ಹತ್ತನೇ ಒಂದೇ ಕೊಟ್ಟರೆ 22 ಗಂಟೆ. ಅಪ್‌ಲೋಡೇ 100 ಇದ್ದರೆ ನಾಲ್ಕೂವರೆ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ಹಾರ್ಡ್ ಡಿಸ್ಕ್ ಅನ್ನು ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿ, ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತದೆ. ಇನ್ನೊಂದು ಕಾಪಿ ನಿಮ್ಮ ಬಳಿ ಇಟ್ಟುಕೊಂಡೇ ಕಳಿಸಿ. ಮದುವೆ ಎರಡನೇ ಸಲ ಶೂಟ್ ಮಾಡಲು ಆಗುವುದಿಲ್ಲ.

ಅಪ್‌ಲೋಡ್ ಕಡಿಮೆ ಇರುವುದು ಯಾಕೆ? ಹಿಂದೆ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡ್‌ನಲ್ಲಿ ಇದ್ದ ಜಾಗದಲ್ಲಿ ಬಹುಪಾಲನ್ನು ಡೌನ್‌ಲೋಡ್‌ಗೇ ಕೊಟ್ಟಿದ್ದರು, ಅಪ್‌ಲೋಡ್‌ಗೆ ಸುಮಾರು 1 ಎಂಬಿಪಿಎಸ್ ಉಳಿಯುತ್ತಿತ್ತು. ಟಿವಿ ಕೇಬಲ್‌ನ ತಾಮ್ರದ ತಂತಿಯಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಫೈಬರ್‌ಗೆ ಆ ಬಡತನವಿಲ್ಲ. ಮನೆಗಳಿಗೆ ಹೆಚ್ಚಾಗಿ ಹಾಕುವ ಜಿಪಾನ್ ಫೈಬರ್‌ನಲ್ಲಿ ಒಂದೇ ಎಳೆಯ ಮೇಲೆ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ 1.25 ಗಿಗಾಬಿಟ್ ಹರಿಯುತ್ತದೆ. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ, ನಿಜ. ಆದರೂ ಅರ್ಧ ಕೊಡುವ ಶಕ್ತಿ ತಂತಿಗಿದೆ. ಫೈಬರ್ ಹಾಕಿ ಹತ್ತನೇ ಒಂದು ಕೊಡುತ್ತಿದ್ದಾರೆಂದರೆ ಅದು ಆಪರೇಟರ್ ತಮ್ಮ ಕಡೆ ಹಾಕಿಟ್ಟ ಮಿತಿ. ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯನ್ನು ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಿತು. ಅದೂ ಡೌನ್‌ಲೋಡ್ ಲೆಕ್ಕವೇ. ಹಾಗಾಗಿ ಕೇಳುವವರು ನೀವೇ ಆಗಬೇಕು.

ಈಗ ಮಗಳ ಕ್ಲಾಸು. ಎಪಿಎಂಸಿ ಗೇಟಿನಲ್ಲಿ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿದರೆ ಸೈಕಲ್ಲಿನವನಿಗೂ ದಾರಿ ಸಿಗುವುದಿಲ್ಲ. ನಿಮ್ಮ ರೂಟರ್‌ನಲ್ಲಿ ಆಗುತ್ತಿರುವುದು ಅದೇ. ವಿಡಿಯೋ ಫೈಲ್ ಸಾಲು ಹಿಡಿದಿದೆ, ಅದರ ಹಿಂದೆ ಮಗಳ ಮಾತು, ಮುಖ ಎಲ್ಲ ಕಾಯುತ್ತಿವೆ. ಡೌನ್‌ಲೋಡ್ ಆಗುವಾಗಲೂ ಕಂಪ್ಯೂಟರ್ ‘ಇದು ಬಂತು, ಮುಂದಿನದು ಕಳಿಸು’ ಎಂದು ಆಚೆಗೆ ಹೇಳುತ್ತಲೇ ಇರಬೇಕು. ಆ ಪುಟ್ಟ ಉತ್ತರವೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡರೆ 94ರ ಡೌನ್‌ಲೋಡ್ ಇದ್ದೂ ಪಾಠ ನಿಲ್ಲುತ್ತದೆ. ಫೈಲ್ ಹೋಗುತ್ತಿರುವಾಗ ಸ್ಪೀಡ್ ಟೆಸ್ಟ್‌ನಲ್ಲಿ ಪಿಂಗ್ ನೋಡಿ, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಏರಿರುತ್ತದೆ.

ಇಷ್ಟು ಕಡ್ಡಿ ಮುರಿದಂತೆ ಹೇಳಲು ಕಾರಣವಿದೆ. 2020ರಲ್ಲಿ ನನ್ನ ಮಗಳು ಆನ್‌ಲೈನ್ ಪರೀಕ್ಷೆ ಬರೆದು ಉತ್ತರಪತ್ರಿಕೆಯ ಪಿಡಿಎಫ್ ಕಳಿಸಬೇಕಿತ್ತು, ಅವಧಿ 15 ನಿಮಿಷ. ಅದೇ ಹೊತ್ತಿಗೆ ನನ್ನ ಫೋನ್ ಇಡೀ ತಿಂಗಳ ಫೋಟೋಗಳನ್ನು ಕ್ಲೌಡ್‌ಗೆ ಏರಿಸುತ್ತಿತ್ತು. ಸಮಯ ಮುಗಿಯಿತು, ಫೈಲ್ ಹೋಗಲಿಲ್ಲ. ಅವಳು ಅತ್ತಿದ್ದು ಇನ್ನೂ ಕಣ್ಣಮುಂದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಫೋಟೋ ಬ್ಯಾಕಪ್ ರಾತ್ರಿ ಹನ್ನೊಂದರ ಮೇಲೆಯೇ.

ನೀವು ಇವತ್ತೇ ಮಾಡಬೇಕಾದದ್ದು: ಫೈಲ್ ಕಳಿಸುವ ಸಾಫ್ಟ್‌ವೇರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು 8 ಎಂಬಿಪಿಎಸ್‌ಗೆ ಇಳಿಸಿ. ಫೈಲ್ ತುಸು ತಡವಾಗಬಹುದು, ಕ್ಲಾಸ್ ನಿಲ್ಲುವುದಿಲ್ಲ. ಕೆಲವು ಸಾಫ್ಟ್‌ವೇರ್ ಈ ಮಿತಿಯನ್ನು ಬಿಟ್‌ನಲ್ಲಲ್ಲ, ಬೈಟ್‌ನಲ್ಲಿ ಕೇಳುತ್ತವೆ, ಅಲ್ಲಿ ಸೆಕೆಂಡಿಗೆ 1 ಎಂಬಿ ಅಂತ ಹಾಕಿ. ರೂಟರ್‌ನಲ್ಲಿ ಯಾವುದಕ್ಕೆ ಎಷ್ಟು ವೇಗ ಎಂದು ಹಂಚುವ ಕ್ಯೂಒಎಸ್ ಸೆಟ್ಟಿಂಗ್ ಇದ್ದರೆ ಅಲ್ಲೂ ಇದೇ ಮಿತಿ ಕೊಡಿ. ಆಮೇಲೆ ಆಪರೇಟರ್‌ಗೆ ‘ಅಪ್‌ಲೋಡ್ ಎಷ್ಟು ಕೊಡುತ್ತೀರಿ?’ ಅಂತ ವಾಟ್ಸಾಪ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ಎರಡೂ ಕಡೆ ಸಮ ವೇಗದ ಪ್ಲಾನ್ ಇದ್ದರೆ 50ರದ್ದಾದರೂ ನಿಮಗೆ ಈಗಿನ 100ಕ್ಕಿಂತ ಮೇಲು. ‘ಮನೆಗೆ ಅಪ್‌ಲೋಡ್ ಯಾಕೆ ಬೇಕು ಸಾರ್, ಅದು ಕಂಪನಿಗಳಿಗೆ’ ಅಂದರೆ ಆ ಆಪರೇಟರನ್ನೇ ಬಿಡಿ. ಮದುವೆ ಮನೆಯ ಫೂಟೇಜ್, ಡಾಕ್ಟರು ನೋಡಬೇಕಾದ ಸಿಟಿ ಸ್ಕ್ಯಾನ್, ಮಕ್ಕಳ ಪರೀಕ್ಷೆ ಎಲ್ಲ ಈಗ ಮನೆಯಿಂದಲೇ ಹೋಗುತ್ತಿವೆ.

ಪ್ರಶ್ನೆ: ನಿಟ್ಟುವಳ್ಳಿಯಲ್ಲಿ ಒಬ್ಬರು ಡಿಎನ್‌ಎಸ್ ಬದಲಿಸಿ ಅಪ್‌ಲೋಡ್ ಹೆಚ್ಚಿಸಿಕೊಡುತ್ತೇನೆಂದು 500 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಡಿಎನ್‌ಎಸ್ ವೆಬ್‌ಸೈಟಿನ ವಿಳಾಸ ಹುಡುಕಿಕೊಡುತ್ತದೆ ಅಷ್ಟೆ, ಅಪ್‌ಲೋಡ್ ಮಿತಿಗೂ ಅದಕ್ಕೂ ಸಂಬಂಧವಿಲ್ಲ. ರೂಟರ್ ಪಾಸ್‌ವರ್ಡನ್ನೂ ಆತನ ಕೈಗೆ ಕೊಡಬೇಡಿ, ಕೊಟ್ಟಿದ್ದರೆ ಈಗಲೇ ಬದಲಿಸಿ.

ಪ್ರಶ್ನೆ: ಫೋನಿನಲ್ಲಿ ನೆಟ್ ಬೂಸ್ಟರ್ ಆಪ್ ಹಾಕಿದರೆ?

ಉತ್ತರ: ತೆಗೆದುಹಾಕಿ.

ಪ್ರಶ್ನೆ: ಚನ್ನಗಿರಿ ಹತ್ತಿರದ ನಮ್ಮ ಅಡಿಕೆ ತೋಟದ ಮನೆಗೆ ನಾಲ್ಕು ಕ್ಯಾಮೆರಾ ಹಾಕಿದ್ದೇವೆ, ಎಲ್ಲವೂ ಕ್ಲೌಡ್‌ಗೆ ರೆಕಾರ್ಡ್ ಆಗುತ್ತವೆ. ನೆಟ್ ಸದಾ ನಿಧಾನ.

ಉತ್ತರ: ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್ ತಿಂದರೂ ನಾಲ್ಕಕ್ಕೆ 8 ಆಯಿತು, ಹಗಲೂ ರಾತ್ರಿ. ದಿನಕ್ಕೆ 86 ಜಿಬಿ. ಮನೆಯಲ್ಲೇ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಇಟ್ಟು, ಅದನ್ನು ಕಳ್ಳನ ಕೈಗೆ ಸಿಗದ ಬೀರುವಿನಲ್ಲಿ ಬೀಗ ಹಾಕಿಡಿ. ಗೇಟಿನ ಕ್ಯಾಮೆರಾ ಒಂದು ಮಾತ್ರ, ಅದೂ ಯಾರಾದರೂ ಓಡಾಡಿದಾಗಷ್ಟೇ, ಕ್ಲೌಡ್‌ಗೆ ಹೋಗಲಿ.