ಮೀಟಿಂಗ್ ಮಧ್ಯದ ಅರ್ಧ ಗಂಟೆಗಳು

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಶಿರಸಿ ಹತ್ತಿರದ ಹಳ್ಳಿಯವರು, ವಯಸ್ಸು ಮೂವತ್ತರ ಆಸುಪಾಸು. ಬೆಂಗಳೂರಿನ ಕಂಪನಿಯೊಂದರ ಕೋಡಿಂಗ್ ಕೆಲಸವನ್ನು ಊರ ಮನೆಯಿಂದಲೇ ಮಾಡುತ್ತಾರೆ. ಬಂದು ಕೂತವರೇ ಕೇಳಿದ್ದು, "ಮೇಡಂ, ನಂಗೆ ಎಡಿಎಚ್‌ಡಿ ಇರಬಹುದಾ? ಅರ್ಧ ಗಂಟೆನೂ ಒಂದು ಕೆಲಸದಲ್ಲಿ ಮನಸ್ಸು ನಿಲ್ತಿಲ್ಲ."

ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ, ಚಡಪಡಿಕೆ ಹೆಚ್ಚಿರುವ ಒಂದು ತೊಂದರೆ. ಈ ಪ್ರಶ್ನೆ ಈಗೀಗ ಜಾಸ್ತಿ ಬರುತ್ತಿದೆ. ಅದನ್ನು ಗುರುತಿಸುವುದು ಮನೋವೈದ್ಯರ ಕೆಲಸ, ನನ್ನದಲ್ಲ. ಆದರೆ ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣ ಕಂಡಿರಬೇಕು. ಇವರೋ ಚಿಕ್ಕಂದಿನಲ್ಲಿ ಊಟಕ್ಕೆ ಕರೆದರೂ ಏಳದೆ ಲೆಕ್ಕ ಬಿಡಿಸುತ್ತಿದ್ದವರು. ಹಾಗಾಗಿ ಮೊದಲು ಒಂದು ವಾರದ ದಿನಚರಿ ಬರೆದು ತನ್ನಿ ಅಂದೆ.

ತಂದರು. ದಿನಕ್ಕೆ ಆರು ಮೀಟಿಂಗ್: ಬೆಳಗ್ಗೆ 9:30, ಆಮೇಲೆ 11, 12, ಮಧ್ಯಾಹ್ನ 3, ಸಂಜೆ 4:30, ಕೊನೆಗೆ ನ್ಯೂಯಾರ್ಕಿನವರ ಜೊತೆ ರಾತ್ರಿ 7:30ಕ್ಕೆ (ಚಳಿಗಾಲದಲ್ಲಿ ಅವರಿಗೆ ಆಗ ಬೆಳಗ್ಗೆ 9). ಎಲ್ಲವೂ ಅರ್ಧರ್ಧ ಗಂಟೆ. ಕೂಡಿಸಿದರೆ ಮೂರೇ ಗಂಟೆ! ಆದರೂ ಕೋಡ್ ಬರೆಯುವುದು ಮಾತ್ರ ಮನೆಯವರೆಲ್ಲ ಮಲಗಿದ ಮೇಲೆ. ಹಗಲಿನ ಸಣ್ಣ ಸಣ್ಣ ಬಿಡುವಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿದೆ. "ಗಡಿಯಾರ ನೋಡ್ತೀನಿ" ಅಂತ ನಕ್ಕರು.

ಆಗ ಅವರ ತೋಟದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿತ್ತು. ಮರ ಹತ್ತಿ ಗೊನೆ ಕೊಯ್ಯುವವನೇ ಕೊನೆಗೌಡ. "ನಿಮ್ಮ ಕೊನೆಗೌಡ ಪ್ರತಿ ಮರಕ್ಕೂ ಇಳಿದು ಹತ್ತುತ್ತಾನಾ?" ಅಂದೆ. "ಇಲ್ಲ ಮೇಡಂ, ಮೇಲಿಂದಲೇ ಬಗ್ಗಿಸಿಕೊಂಡು ಪಕ್ಕದ ಮರಕ್ಕೆ ದಾಟ್ತಾನೆ." ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು. ಮೀಟಿಂಗಿಗೆಂದು ದಿನಕ್ಕೆ ಆರು ಸಲ ಕೆಲಸದಿಂದ ಇಳಿದು ಮತ್ತೆ ಹತ್ತುವವರಿಗೆ ಸುಸ್ತಾಗದೆ ಇರುತ್ತದಾ?

ಇನ್ನೊಂದು ವಿಷಯ ಮೂರನೇ ಭೇಟಿಯಲ್ಲಿ ಹೊರಬಂತು. ನಿಜವಾದ ಗಂಟು ಅದೇ ಅಂತ ನನಗನಿಸುತ್ತದೆ. ಆ ಆರರಲ್ಲಿ ಎರಡು ಮೀಟಿಂಗಿಗೆ ಇವರ ಅಗತ್ಯವೇ ಇರಲಿಲ್ಲ. ಬರಲ್ಲ ಅಂದರೆ, 'ಊರಲ್ಲಿ ಕೂತು ಅಡಿಕೆ ಸುಲೀತಿದ್ದಾನೆ' ಅಂದುಕೊಂಡಾರು ಅನ್ನುವ ಹೆದರಿಕೆಗೆ, ಯಾರು ಕರೆದರೂ ಹೋಗಿ ಸುಮ್ನೆ ಮುಖ ತೋರಿಸಿ ಕೂರುತ್ತಿದ್ದರು.

ನಾನು ಹೇಳಿದ್ದು ಇಷ್ಟೇ. ಐದೂ ದಿನ ಬೇಡ, ಮಂಗಳವಾರ ಮತ್ತು ಗುರುವಾರ 10ರಿಂದ 1ರವರೆಗೆ ಕ್ಯಾಲೆಂಡರಿನಲ್ಲಿ ಜಾಗ ಹಿಡಿದಿಡಿ, ಆ ಹೊತ್ತಿನಲ್ಲಿ ಯಾವ ಕೆಲಸ ಮುಗಿಸುತ್ತೀರಿ ಅಂತ ಮ್ಯಾನೇಜರಿಗೆ ಮೊದಲೇ ತಿಳಿಸಿ. ಬೇಡದ ಎರಡನ್ನು ಬಿಡುವುದಕ್ಕೆ ಬಾಯಿಬಿಟ್ಟು ಕೇಳಿ. ರಾತ್ರಿ ಕಾಲ್ ಇರುವ ದಿನ ಮಧ್ಯಾಹ್ನ ಎರಡು ಗಂಟೆ ಬಿಡುವು ತೆಗೆದುಕೊಳ್ಳಿ, ಕದ್ದುಮುಚ್ಚಿ ಅಲ್ಲ, ಹೇಳಿಯೇ. ಮತ್ತೆ, ಕೆಲಸದ ನಡುವೆ ಮೀಟಿಂಗಿಗೆ ಏಳುವಾಗ 'ಇಲ್ಲಿ ನಿಲ್ಲಿಸಿದ್ದೇನೆ, ಮುಂದೆ ಇದು' ಅಂತ ಒಂದು ಸಾಲು ಬರೆದಿಡಿ. ಅರ್ಧಕ್ಕೆ ಬಿಟ್ಟ ಕೆಲಸದಲ್ಲೇ ಮನಸ್ಸಿನ ಒಂದು ಪಾಲು ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲೇ ಬರೆದಿದ್ದಾರೆ. ಆ ಒಂದು ಸಾಲು ಅದಕ್ಕೆ ಮದ್ದು.

ಮ್ಯಾನೇಜರಿಗೆ ಕಳಿಸುವ ಮೆಸೇಜನ್ನು ನನ್ನೆದುರೇ ನಾಲ್ಕು ಸಲ ತಿದ್ದಿದರು. ಉತ್ತರ ಹತ್ತೇ ನಿಮಿಷದಲ್ಲಿ ಬಂತಂತೆ: ಮಂಗಳವಾರ ಸರಿ, ಗುರುವಾರ ಆಗಲ್ಲ, ಆ ಎರಡು ಮೀಟಿಂಗಿಗೆ ನೀವು ಯಾಕೆ ಬರುತ್ತಿದ್ದಿರಿ ಅಂತ ನನಗೂ ಗೊತ್ತಿರಲಿಲ್ಲ.